ಅವ್ವ ತಿಕ್ಕಿದ ತಂತಿ

ನಮ್ಮ ಮನೆಯ ರೊಟ್ಟಿಗೆ ಚಿಮಣಿ ಎಣ್ಣೆಯ ವಾಸನೆ ಇರುತ್ತಿತ್ತು. ಇದನ್ನು ಹೇಳಿದರೆ ನನ್ನ ಮೊಮ್ಮಕ್ಕಳು ಮೂಗು ಮುರಿಯುತ್ತಾರೆ. ಮುರಿಯಲಿ, ನಮಗೆ ಆ ಸವಲತ್ತು ಇರಲಿಲ್ಲ. ಅಪ್ಪ ಯಮಕನಮರಡಿಯಲ್ಲಿ ಬೀದಿದೀಪ ಹಚ್ಚುವ ಕೆಲಸ ಮಾಡುತ್ತಿದ್ದ. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಓಣಿಯ ತಿರುವುಗಳಲ್ಲಿ ಕಟ್ಟಿಗೆಯ ಕಂಬ ನೆಟ್ಟು, ಕಂಬದ ತಲೆಯ ಮೇಲೊಂದು ಗಾಜಿನ ಪೆಟ್ಟಿಗೆ ಕೂಡಿಸಿ, ಅದರೊಳಗೆ ದೀಪ ಇಟ್ಟಿದ್ದರು. ಸಂಜೆಯಾದರೆ ಅಪ್ಪ ಹೆಗಲಿಗೆ ಏಣಿ ಹಾಕಿಕೊಂಡು, ಕೈಯಲ್ಲಿ ಎಣ್ಣೆಯ ಡಬ್ಬಿ ಹಿಡಿದು ಹೊರಡುತ್ತಿದ್ದ. ಮುಂಜಾನೆ ಅವೇ ದೀಪಗಳನ್ನು ಇಳಿಸಿ ಬುಟ್ಟಿಯಲ್ಲಿ ಮನೆಗೆ ಹೊತ್ತು ತರುತ್ತಿದ್ದ. ಅಲ್ಲಿಂದ ಮುಂದಿನದೆಲ್ಲ ಅವ್ವನ ಕೆಲಸ. ಪಂಚಾಯಿತಿಯ ಪುಸ್ತಕದಲ್ಲಿ ಅಪ್ಪನ ಹೆಸರಷ್ಟೇ ಇತ್ತು, ಅವ್ವನದು ಇರಲಿಲ್ಲ. ಆದರೆ ಊರು ಸಂಜೆ ಕಂಡದ್ದು ಅವ್ವ ಹಗಲೆಲ್ಲ ಕೂತು ತಿಕ್ಕಿದ್ದನ್ನು.

ಮೂರಂಕಣದ ಮನೆ ನಮ್ಮದು. ಪಡಸಾಲೆಯ ಅರ್ಧವನ್ನು ದೀಪಗಳೇ ಹಿಡಿದಿದ್ದವು. ಗೋಡೆಗುಂಟ ಹಲಗೆ ಹಾಕಿ ಗ್ಲಾಸುಗಳನ್ನು ಬೋರಲು ಹಾಕಿಡುತ್ತಿದ್ದರು. ನಾನು ಅಂಬೆಗಾಲಿಡುವ ಹೊತ್ತಿಗೇ ಆ ಹಲಗೆಯ ಹತ್ತಿರ ಹೋಗಬಾರದು ಅನ್ನುವುದನ್ನು ಕಲಿತಿದ್ದೆನಂತೆ. ಮನೆಯಲ್ಲಿ ಓಡುವಂತಿರಲಿಲ್ಲ, ಚೆಂಡು ಆಡುವಂತಿರಲಿಲ್ಲ, ಜೋರಾಗಿ ಕದ ಹಾಕುವಂತಿರಲಿಲ್ಲ. ಮುಂಜಾನೆಯ ಊಟವಾದ ಮೇಲೆ ಅವ್ವ ಒಲೆಯ ಮುಂದೆ ಕೂಡುತ್ತಿದ್ದಳು. ಬತ್ತಿ ಹಿಡಿಯುವ ಹಿತ್ತಾಳೆಯ ಮೂತಿಗಳನ್ನು ಒಂದೊಂದಾಗಿ ಬಿಚ್ಚಿ ಕುಳ್ಳಿನ ಕೆಂಡದೊಳಗೆ ಹುಗಿದಿಡುತ್ತಿದ್ದಳು. ಅಂಟಿದ ಮಸಿಯೆಲ್ಲ ಸುಟ್ಟು ಸಡಿಲಾದ ಮೇಲೆ ಇಕ್ಕಳದಲ್ಲಿ ತೆಗೆದು ಹುಣಸೆಹಣ್ಣಿನ ಬಿಸಿನೀರಿಗೆ ಹಾಕುವುದು, ಆಮೇಲೆ ಸೋಸಿದ ಬೂದಿಯಲ್ಲಿ ತಿಕ್ಕುವುದು. ಮುಗಿದಾಗ ಹಿತ್ತಾಳೆ ಹೊಸ ಲಗ್ನದ ಮನೆಯ ತಂಬಿಗೆಯಂತೆ ಹೊಳೆಯುತ್ತಿತ್ತು. ಇಷ್ಟು ಯಾಕೆ ತಿಕ್ಕುತ್ತೀ ಅಂತ ಓಣಿಯ ಹೆಂಗಸರು ಕೇಳಿದರೆ ಅವಳದು ಒಂದೇ ಉತ್ತರ:

"ಬೆಳಕು ಕೊಡೂ ಸಾಮಾನು ಹೊಲಸ ಇದ್ರ ದೀಪ ಉಸರ ಹಾಕೂದಿಲ್ರಿ."

ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಇದೊಂದು ವಿದ್ಯೆಯಲ್ಲಿ ಅವಳನ್ನು ಮೀರಿಸುವವರು ನಮ್ಮ ಕಡೆ ಯಾರೂ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಒಂದು ಸಲ ದೀಪ ಮಂದವಾಗಿ ಉರಿಯಿತೆಂದು ಪಂಚಾಯಿತಿಯವರು ಅಪ್ಪನನ್ನು ಬೈದರು. ಅಪ್ಪ ಮನೆಗೆ ಬಂದು ಅವ್ವನನ್ನು ಬೈದ. ಅವ್ವ ಆ ದೀಪ ಬಿಚ್ಚಿ ನೋಡಿ, ಎಣ್ಣೆಯಲ್ಲಿ ನೀರು ಸೇರಿದ್ದನ್ನು ತೋರಿಸಿದಳು. ಅವತ್ತಿನಿಂದ ದೀಪದ ವಿಷಯದಲ್ಲಿ ಅಪ್ಪ ಅವಳ ಮುಂದೆ ಬಾಯಿ ತೆಗೆಯಲಿಲ್ಲ. ಉಳಿದ ವಿಷಯಗಳಲ್ಲಿ ತೆಗೆಯುತ್ತಿದ್ದ, ಅದೇನು ಕಡಿಮೆ ಇರಲಿಲ್ಲ.

ನಾನು ಏಳನೆಯ ಇಯತ್ತೆಯಲ್ಲಿದ್ದೆ. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದಿತ್ತು ಅಂತ ದೊಡ್ಡವರು ಮಾತಾಡುತ್ತಿದ್ದರು. ನಮಗೆ ಕಂಡ ಫರಕು ಒಂದೇ, ಸಾಲೆಗೆ ಅಂಗಡಿ ಮಾಸ್ತರರು ಬಂದದ್ದು. ಅವರು ಗೋಕಾಕದ ಕಡೆಯವರು. ಚಿಕ್ಕಂದಿನಲ್ಲಿ ಅಲ್ಲಿಯ ಧಬಧಬಿಯ, ಅಂದರೆ ಜಲಪಾತದ, ನೀರಿನಿಂದ ಕರೆಂಟು ಮಾಡುವುದನ್ನು ನೋಡಿದ್ದರಂತೆ. ಆ ಮಾತು ಬಂದರೆ ಅವರಿಗೆ ಪಾಠ ಮರೆತುಹೋಗುತ್ತಿತ್ತು. ದಸರೆಯ ಮುಂದಿನ ವಾರ ಹುಕ್ಕೇರಿಯಲ್ಲಿ ಸಾಲೆಗಳ ವಿಜ್ಞಾನ ಪ್ರದರ್ಶನ ಇದೆ, ನಮ್ಮ ಸಾಲೆಯಿಂದ ಕರೆಂಟು ಹುಟ್ಟಿಸುವ ಯಂತ್ರ ಒಯ್ಯೋಣ ಅಂದರು. ತಿರುಗಿಸುವುದಕ್ಕೆ ಚಲೋ ಗಾಲಿ ಇರುವ ಚರಕ ಬೇಕಾಗಿತ್ತು. ನಮ್ಮ ಅಟ್ಟದ ಮೇಲೆ ತೀರಿಹೋದ ಆಯಿಯದು, ಅಪ್ಪನ ಅವ್ವನದು, ಒಂದಿತ್ತು, ಅದನ್ನು ನಾನು ತಲೆಯ ಮೇಲೆ ಹೊತ್ತುಕೊಂಡು ಹೋದೆ. ಹೀಗೆ ಆ ಯಂತ್ರ ನನ್ನದಾಯಿತು. ನನ್ನ ಜಾಣತನಕ್ಕೆ ಅಂತ ಹೇಳಿಕೊಳ್ಳಲು ಆಸೆಯೇನೋ ಇದೆ, ಆದರೆ ಸಿಕ್ಕದ್ದು ಚರಕದ ದೆಸೆಯಿಂದ.

ತಂತಿ ಕೊಟ್ಟವನು ಹೆದ್ದಾರಿಯ ಬದಿಯ ಗ್ಯಾರೇಜಿನ ದಸ್ತಗೀರ ಮಿಸ್ತ್ರಿ. ಕೆಟ್ಟ ಲಾರಿಯ ಡೈನಮೋ ಬಿಚ್ಚಿ, ಅದರೊಳಗಿನ ಸಣ್ಣ ತಾಮ್ರದ ತಂತಿಯನ್ನು ಹರಿಯದಂತೆ ಬಿಡಿಸಿ ಕೊಟ್ಟ. ಕುದುರೆಲಾಳದ ಆಕಾರದ ಸೂಜಿಗಲ್ಲು ಮಾಸ್ತರರ ಹತ್ತಿರ ಇತ್ತು. ಚರಕದ ಕದಿರಿನ ಜಾಗದಲ್ಲಿ ಮಿಸ್ತ್ರಿ ಒಂದು ಗಟ್ಟಿ ಸಲಾಕೆ ಕೂಡಿಸಿ, ಅದರ ತುದಿಗೆ ಸೂಜಿಗಲ್ಲು ಕಟ್ಟಿಕೊಟ್ಟ. ಸೂಜಿಗಲ್ಲಿನ ಎದುರಿಗೆ, ಕಬ್ಬಿಣದ ಪಟ್ಟಿಯ ಮೇಲೆ ತಂತಿ ಸುತ್ತಿದ ಸುರುಳಿ. ಚರಕದ ಗಾಲಿ ಒಂದು ಸುತ್ತು ತಿರುಗಿದರೆ ಸೂಜಿಗಲ್ಲು ಹತ್ತಾರು ಸುತ್ತು ತಿರುಗುತ್ತಿತ್ತು. ಸುರುಳಿಯ ಎರಡು ತುದಿಗೆ ಬ್ಯಾಟರಿಯ ಸಣ್ಣ ಬಲ್ಬು. ತಂತಿ ಸುತ್ತುವಾಗ ಮಾಸ್ತರರು ತಂತಿಯ ಮೇಲಿನ ಕಂದು ಬಣ್ಣವನ್ನು ಉಗುರಿನಿಂದ ತೋರಿಸಿ ಹೇಳಿದ್ದರು:

"ಗೌರವ್ವಾ, ಇಲ್ಲಿ ನೋಡು. ಈ ಬಣ್ಣ ತಂತಿಯ ಅಂಗಿ ಇದ್ದಂಗ. ಒಂದು ಸುತ್ತಿನ ಕರೆಂಟು ಬಾಜೂದ ಸುತ್ತಿಗೆ ಹಾರಬಾರದು ಅಂತ ಹಾಕಿರತಾರ. ಎರಡು ತುದಿಗಷ್ಟ ಕೆರದು ತಾಮ್ರ ಹೊಳಿಯೂವಂಗ ಮಾಡಬೇಕು. ಕರೆಂಟು ಹೊರಗ ಬರೂದು ಅಲ್ಲೇ."

ತುದಿಗಳನ್ನು ನಾನೇ ಕೆರೆದೆ. ಕದ ಮುಚ್ಚಿ ಕೋಣೆ ಕತ್ತಲು ಮಾಡಿ, ಮಾಸ್ತರರು ಬಲ್ಬು ಹಿಡಿದು ಕೂತರು, ನಾನು ಗಾಲಿ ತಿರುಗಿಸಿದೆ. ಮೊದಲು ಏನೂ ಇಲ್ಲ. "ಜೋರ್ಲೆ, ಇನ್ನಷ್ಟ ಜೋರ್ಲೆ" ಅಂದರು. ಭುಜ ಸೋಲುವ ಹೊತ್ತಿಗೆ ಬಲ್ಬಿನೊಳಗೆ ಕೆಂಪನೆಯ ಒಂದು ಎಳೆ ಕಂಡಿತು. ಬೆಳಕು ಅಂತ ಕರೆಯುವಷ್ಟೂ ಇರಲಿಲ್ಲ, ಬೂದಿಯೊಳಗಿನ ಕಿಡಿಯಷ್ಟು. ಎಣ್ಣೆ ಇಲ್ಲ, ಬತ್ತಿ ಇಲ್ಲ, ಕಡ್ಡಿ ಗೀರಿಲ್ಲ. ದೀಪದ ಮನೆಯಲ್ಲಿ ಹುಟ್ಟಿದವಳು ನಾನು, ಅದು ಎಂಥ ಮಾತು ಅನ್ನುವುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನೋಡುತ್ತ ನೋಡುತ್ತ ತಿರುಗಿಸುವುದನ್ನೇ ಮರೆತೆ. ಗಾಲಿ ನಿಂತಿತು, ಎಳೆ ಆರಿತು. ಇಷ್ಟು ವರ್ಷಗಳಲ್ಲಿ ನಾನು ಖುಷಿಪಟ್ಟ ಗಳಿಗೆಗಳನ್ನು ಬೆರಳ ಮೇಲೆ ಎಣಿಸಬಹುದು, ಅದೇ ಮೊದಲನೆಯದು.

ಇದು ಸಾಲದು, ಸುತ್ತು ಕಡಿಮೆಯಾಗಿದೆ, ಸಡಿಲವೂ ಆಗಿದೆ ಅಂದರು ಮಾಸ್ತರರು. ಸುರುಳಿ ಬಿಚ್ಚಿ, ಮಿಸ್ತ್ರಿ ಕೊಟ್ಟ ಇನ್ನಷ್ಟು ತಂತಿ ಜೋಡಿಸಿ, ದಸರೆಯ ಸೂಟಿಯಲ್ಲಿ ನಾನು ಮನೆಯಲ್ಲಿ ಒತ್ತೊತ್ತಾಗಿ ಸುತ್ತಬೇಕು. ಅವರು ಗೋಕಾಕಕ್ಕೆ ಹೋಗಿ ಪ್ರದರ್ಶನದ ದಿನ ಸೀದಾ ಹುಕ್ಕೇರಿಗೆ ಬರುತ್ತಾರೆ. ಬಲ್ಬು ಒಂದೇ ಇತ್ತು. ಮಕ್ಕಳ ಕೈಯಲ್ಲಿ ಒಡೆದೀತೆಂದು ಅದನ್ನು ಅರಳೆಯಲ್ಲಿ ಸುತ್ತಿ ತಮ್ಮ ಡಬ್ಬಿಯಲ್ಲಿ ಇಟ್ಟುಕೊಂಡರು.

ಮನೆಗೆ ಬಂದು ನಾನು ಮಾಡಿದ್ದು ವರ್ಣನೆ. ಅಪ್ಪ ಏಣಿಯ ಮೆಟ್ಟಿಲಿಗೆ ಹಗ್ಗ ಬಿಗಿಯುತ್ತ ಕೇಳಿದ. ಊರಿಗೆ ಕರೆಂಟಿನ ಕಂಬ ಬರುತ್ತವೆ ಅನ್ನುವ ಸುದ್ದಿ ಆಗಲೇ ಹಬ್ಬಿತ್ತು. ಬಂದರೆ ಅಪ್ಪನ ಏಣಿ ಮೂಲೆ ಸೇರುವುದೇ. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಇನ್ನೊಂದು ಮಾತೂ ಮನೆಯಲ್ಲಿ ನಡೆದಿತ್ತು. ಏಳನೆಯದು ಮುಗಿದ ಮೇಲೆ ನನ್ನನ್ನು ನಾಗನೂರಿನ ಸೋದರಮಾವನಿಗೆ, ಅಂದರೆ ಅವ್ವನ ತಮ್ಮನಿಗೆ, ಕೊಡುವುದು. ಹೈಸ್ಕೂಲು ಇದ್ದದ್ದು ಹುಕ್ಕೇರಿಯಲ್ಲಿ. ಅಲ್ಲಿ ಅವ್ವನ ದೂರದ ಅಕ್ಕನೊಬ್ಬಳ ಮನೆಯಲ್ಲಿ ಇದ್ದು ಓದಬಹುದು ಅಂತ ಮಾಸ್ತರರು ಒಂದೆರಡು ಸಲ ಹೇಳಿ ನೋಡಿದ್ದರು. ಅಪ್ಪ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಅವತ್ತು ನನಗೆ ಎಲ್ಲಿಂದ ಧೈರ್ಯ ಬಂತೋ.

"ಅಪ್ಪಾ, ನನ್ನ ದೀಪ ಹತ್ತಿದ್ರ ಹುಕ್ಕೇರಿ ಸಾಲಿಗೆ ಕಳಸ್ತೀ?"

ಅಪ್ಪ ಹಗ್ಗದ ಗಂಟು ಹಲ್ಲಿನಿಂದ ಎಳೆದು ಬಿಗಿದು, ನನ್ನನ್ನು ನೋಡಿದ.

"ಎಣ್ಣಿ ಇಲ್ದ?"

"ಎಣ್ಣಿ ಇಲ್ದ."

"ನನ್ನ ಕಣ್ಣ ಮುಂದ ಹತ್ತಬೇಕು ಮತ್ತ. ಹತ್ತಿತಂದ್ರ ಹುಕ್ಕೇರಿ. ಹತ್ತಲಿಲ್ಲಂದ್ರ ನಾಗನೂರ. ಮಾತು ಮಾತ."

ಆಟಕ್ಕೆ ಆಡಿದ ಮಾತಲ್ಲ ಅದು. ಅಪ್ಪನಿಗೆ ಆಟ ಬರುತ್ತಿರಲಿಲ್ಲ. ಆಡಿದ ಮಾತು ತಪ್ಪಿದರೆ ಮೈಮೇಲಿನ ಲಿಂಗಕ್ಕೆ ಮುಖ ತೋರಿಸುವುದು ಹೇಗೆ ಅನ್ನುವ ಮನುಷ್ಯ. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅಪ್ಪ ಹೋದ ಮೇಲೆ ನನ್ನ ಬಳಿ ಬಂದು ತಂತಿಯ ಸಿಂಬೆಯನ್ನು ಕೈಯಲ್ಲಿ ತೂಗಿ ನೋಡಿದಳು.

"ಇದರಾಗಿಂದ ಹ್ಯಾಂಗ ಬರತೈತಿ ಬೆಳಕು?"

"ಇದರ ತುದಿಯಿಂದ ಅವ್ವಾ. ತುದಿ ಕೆರದು ತಾಮ್ರ ಹೊಳೀಬೇಕು ಅಂತ ಮಾಸ್ತರ ಹೇಳ್ಯಾರ. ಹೊಳದ್ರನ ಕರೆಂಟು ಹಾಯತೈತಿ."

ಅಂಗಿಯ ಮಾತು ನಾನು ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ. ಅವಸರದಲ್ಲಿ ಅರ್ಧ ಪಾಠ ಒಪ್ಪಿಸಿ ಆಡಲು ಓಡುವ ಹುಡುಗಿಯ ಹಾಗೆ, ನನಗೆ ಬೇಕಾದಷ್ಟು ಹೇಳಿ ಕೈಬಿಟ್ಟೆ.

ಹಬ್ಬಕ್ಕೆ ಮಾವ ಬಂದು ನನ್ನನ್ನು ನಾಗನೂರಿಗೆ ಕರೆದುಕೊಂಡು ಹೋದ. ನನಗಿಂತ ಬಹಳ ದೊಡ್ಡವನು, ಮಾತು ಕಡಿಮೆ, ಬಸ್ಸಿನಲ್ಲಿ ಪುಟಾಣಿ ಕೊಡಿಸಿ ತಾನು ಕಿಡಕಿಯ ಹೊರಗೆ ನೋಡುತ್ತ ಕೂತ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಅವನ ಮನೆಯ ಅಂಗಳ, ಎತ್ತು, ಕಾಳು ತುಂಬುವ ದೊಡ್ಡ ಹಗೇವು, ಇವನ್ನೆಲ್ಲ ನೋಡುತ್ತ ಇದೆಲ್ಲ ನನ್ನದಾಗಲಾರದು ಅಂತ ಒಳಗೊಳಗೆ ಹಿಗ್ಗುತ್ತಿದ್ದೆ. ಮೂರು ದಿನ ಹಾಗೆ ಕಳೆದೆ. ಬನ್ನಿ ಕೊಡುವ ಸಂಜೆ ಮಾವ ನನ್ನನ್ನು ಯಮಕನಮರಡಿಗೆ ತಂದು ಬಿಟ್ಟ.

ಪಡಸಾಲೆಯಲ್ಲಿ ಹಿಂದಿನ ದಿನದ ಖಂಡೇಪೂಜೆಯ ಸಾಮಾನು ಇನ್ನೂ ಹಾಗೇ ಇತ್ತು. ಅಪ್ಪನ ಏಣಿ, ಎಣ್ಣೆಯ ಡಬ್ಬಿ, ಅವ್ವನ ಇಕ್ಕಳ, ಕುಡಗೋಲು, ಎಲ್ಲದಕ್ಕೂ ವಿಭೂತಿ ಹಚ್ಚಿ ಚೆಂಡುಹೂ ಏರಿಸಿದ್ದರು. ಅವುಗಳ ನಡುವೆ ಹಿತ್ತಾಳೆಯ ತಾಟಿನಲ್ಲಿ ನನ್ನ ತಂತಿಯ ಸಿಂಬೆ. ನಾನು ಬಿಟ್ಟು ಹೋದಾಗ ಕಂದು ಬಣ್ಣದ್ದು, ಈಗ ಆಗ ತಾನೇ ಕಾಯಿಸಿ ಬಡಿದ ತಾಮ್ರದ ಕೊಡದ ಬಣ್ಣ. ಅವ್ವ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

"ಹ್ಯಾಂಗೈತಿ? ತುದಿ ಅಷ್ಟ ಯಾಕ ಅಂತ ಇದ್ದದ್ದೆಲ್ಲಾ ತಿಕ್ಕೇನಿ. ಮೊದಲ ಕೆಂಡದಾಗ ಇಟ್ಟೆ, ಆಮ್ಯಾಲ ಹುಣಸಿನೀರಾಗ. ಗೇಣು ಗೇಣು ಹಿಡದು ಅರಿವಿಲೆ ಒರಸಿ ಎಳದೇನಿ. ಎಲ್ಲೂ ಹರದಿಲ್ಲ ನೋಡಬೇಕಾದ್ರ."

"ಮ್ಯಾಲಿನ ಬಣ್ಣಾ ಎಲ್ಲಿ ಹೋತವ್ವಾ?"

"ಅದು ಹೊಲಸ ಅಲ್ಲನು? ಎಲ್ಲಾ ಹೋತು."

ಆ ತಂತಿ ಬಿಚ್ಚಿದರೆ ನಮ್ಮ ಓಣಿಯ ಈ ತುದಿಯಿಂದ ಆ ತುದಿಗೆ ಮುಟ್ಟುತ್ತಿತ್ತು. ಅಷ್ಟನ್ನೂ ಅವಳು ದೀಪಗಳ ಕೆಲಸ, ಹಬ್ಬದ ಹೋಳಿಗೆ, ಮನೆ ಸಾರಿಸುವುದು ಎಲ್ಲ ಮುಗಿಸಿ, ಮೂರು ದಿನ ಬಿಡುವಿದ್ದಾಗಲೆಲ್ಲ ಕೂತು ತಿಕ್ಕಿದ್ದಳು. ಬೆರಳುಗಳ ಒಳಮೈಯಲ್ಲಿ ತಂತಿ ಕೊಯ್ದ ಗೆರೆಗಳಿದ್ದವು. ಹುಣಸೆಯ ಹುಳಿ ತಾಗಿ ಅವು ಬೆಳ್ಳಗೆ ಬಾಯಿ ಬಿಟ್ಟಿದ್ದವು. ಅಂಗಿಯ ಮಾತು ನೆನಪಾಗಲಿಲ್ಲ ಅಂತ ನಾನು ಇಲ್ಲಿ ಬರೆಯಬಹುದು, ಹೇಳುವವರು ಕೇಳುವವರು ಈಗ ಯಾರೂ ಇಲ್ಲ. ಆದರೆ ನೆನಪಾಯಿತು. ಸ್ಪಷ್ಟವಾಗಿ ನೆನಪಾಯಿತು. ಓಡಿಹೋಗಿ ದಸ್ತಗೀರ ಮಿಸ್ತ್ರಿಯನ್ನು ಕೇಳಿದ್ದರೆ ಅವನು ಬೇರೆ ತಂತಿ ಕೊಡುತ್ತಿದ್ದ, ಇನ್ನೂ ನಾಲ್ಕೈದು ದಿನವಿತ್ತು. ಆದರೆ ಅವ್ವನ ಬೆರಳುಗಳನ್ನು ನೋಡಿ ನನಗೆ ಬಾಯಿ ಬರಲಿಲ್ಲ. ತಾಮ್ರ ತಾಮ್ರವೇ, ಅಂಗಿ ಇಲ್ಲದಿದ್ದರೇನಾಯಿತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವ್ವ ಬನ್ನಿಯ ಎಲೆ ನನ್ನ ಕೈಗಿಟ್ಟಳು, "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂದಳು. ನಾನು ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಮರುದಿನ ಅದೇ ತಂತಿಯನ್ನು ಒತ್ತೊತ್ತಾಗಿ, ಒಂದು ಸುತ್ತು ಇನ್ನೊಂದಕ್ಕೆ ಅಂಟಿಕೊಳ್ಳುವ ಹಾಗೆ, ಬಹಳ ಚೆಂದಾಗಿ ಸುತ್ತಿದೆ.

ಪ್ರದರ್ಶನದ ದಿನ ಅಪ್ಪ ಅವ್ವನನ್ನೂ ಹೊರಡಿಸಿದ. ಸಂಜೆ ದೀಪ ಹಚ್ಚುವ ಹೊತ್ತಿಗೆ ತಿರುಗಿ ಬರಬೇಕಾದ್ದರಿಂದ ಮೊದಲನೆಯ ಬಸ್ಸಿಗೇ ಹೋದೆವು. ಅವ್ವ ಲಗ್ನದ ಇಳಕಲ್ಲ ಸೀರೆ ಉಟ್ಟಿದ್ದಳು. ಚರಕ ಬಸ್ಸಿನ ಮೇಲೆ, ಸುರುಳಿ ಅಪ್ಪನ ಕೈಯಲ್ಲಿ. ದೀಪದ ಗ್ಲಾಸು ಹಿಡಿಯುವ ಹಾಗೆ ಅವನು ಅದನ್ನು ಎರಡೂ ಅಂಗೈಯಲ್ಲಿ ಹಿಡಿದು, ಬಸ್ಸು ಕುಲುಕಿದಾಗ ಮೊಣಕೈ ಎತ್ತಿ ಕಾಯುತ್ತಿದ್ದ. ಆಗ ನನಗೆ ಅನ್ನಿಸಿತು, ಅಪ್ಪನಿಗೂ ಅದು ಹತ್ತಲಿ ಅಂತಲೇ ಇದೆ. ತನ್ನ ಅನ್ನಕ್ಕೆ ಕಲ್ಲು ಬಿದ್ದರೂ ಮಗಳ ದೀಪ ಹತ್ತಲಿ ಅಂತ.

ದೊಡ್ಡ ಹಾಲಿನಲ್ಲಿ ಬೆಂಚುಗಳನ್ನು ಸಾಲಾಗಿ ಇಟ್ಟಿದ್ದರು. ನಮ್ಮದು ಕಿಡಕಿಯ ಬದಿಗೆ. ಅಂಗಡಿ ಮಾಸ್ತರರು ಬೆವರು ಒರೆಸಿಕೊಳ್ಳುತ್ತ ತಡವಾಗಿ ಬಂದರು, ಗೋಕಾಕದ ಬಸ್ಸು ಕೆಟ್ಟಿತ್ತಂತೆ. ಡಬ್ಬಿಯಿಂದ ಬಲ್ಬು ತೆಗೆದು ತಂತಿಯ ತುದಿಗೆ ಸಿಕ್ಕಿಸಲು ಬಾಗಿದವರು ಹಾಗೇ ನಿಂತರು. ಸುರುಳಿಯ ಮೇಲೆ ಬೆರಳಾಡಿಸಿದರು. ನನ್ನ ಕಡೆ ನೋಡಿದರು. ನಾನು ಚರಕದ ಗಾಲಿ ನೋಡುತ್ತಿದ್ದೆ. ಅಷ್ಟರಲ್ಲಿ ಪರೀಕ್ಷಕರು ಬಂದೇಬಿಟ್ಟರು. ಕೋಟು ಹಾಕಿದ, ನೆರೆಗೂದಲಿನ ಒಬ್ಬ ಸಾಹೇಬರು, ಅವರ ಹಿಂದೆ ನಾಲ್ಕೈದು ಮಂದಿ.

"ತಿರುಗಿಸಮ್ಮಾ," ಅಂದರು ಸಾಹೇಬರು.

ತಿರುಗಿಸಿದೆ. ಚರಕ ಗುಂಯ್ ಅಂದಿತು, ಸೂಜಿಗಲ್ಲು ಕಾಣದಷ್ಟು ಜೋರಾಗಿ ತಿರುಗಿತು. ಬಲ್ಬು ಬಿಳಿಯ ಗಾಜಿನ ಬಲ್ಬಾಗಿಯೇ ಉಳಿಯಿತು. ಇನ್ನೂ ಜೋರಾಗಿ ತಿರುಗಿಸಿದೆ. ಯಾರೋ ಕಿಡಕಿ ಮುಚ್ಚಿದರು, ಕತ್ತಲಲ್ಲಿಯೂ ಏನೂ ಕಾಣಲಿಲ್ಲ. ಅಪ್ಪ ಒಂದು ಹೆಜ್ಜೆ ಮುಂದೆ ಬಂದು ಬಲ್ಬಿನ ಹತ್ತಿರ ಮುಖ ತಂದು ನೋಡುತ್ತಿದ್ದ. ನನ್ನ ಭುಜ ಸೋತು ಕೈ ತಾನೇ ನಿಂತುಬಿಟ್ಟಿತು. ಸಾಹೇಬರು ಕಿಡಕಿ ತೆಗೆಸಿ, ಕನ್ನಡಕ ಏರಿಸಿ, ಸುರುಳಿಯನ್ನು ಉಗುರಿನಿಂದ ಗೀರಿ ನೋಡಿದರು.

"ಇದರ ಮೇಲಿನ ಬಣ್ಣ ತೆಗೆದವರು ಯಾರು?"

"ನಾನರೀ," ಅಂದೆ.

ಅಷ್ಟರಲ್ಲಿ ಹಿಂದಿನಿಂದ ಅವ್ವನ ದನಿ ಬಂತು. ಅಷ್ಟು ಮಂದಿ ಗಂಡಸರ ನಡುವೆ ಅವಳು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಸೆರಗು ತಲೆಯ ಮೇಲೆ ಎಳೆದುಕೊಂಡು, ನಾಚಿಕೊಂಡು, ಮುಖದ ತುಂಬ ನಗು ಇಟ್ಟುಕೊಂಡು ಹೇಳಿದಳು:

"ಅಕಿ ಅಲ್ರೀ ಸಾಹೇಬ್ರ, ನಾ ತಿಕ್ಕೇನ್ರಿ. ಮೂರು ದಿನ ಹಿಡೀತ್ರಿ. ಒಂದು ಗೇಣೂ ಬಿಟ್ಟಿಲ್ರಿ."

ಹಿಂದಿನವರಲ್ಲಿ ಇಬ್ಬರು ನಕ್ಕರು. ಸಾಹೇಬರು ನಗಲಿಲ್ಲ. ಅವ್ವನನ್ನು ನೋಡಿದರು, ಅವಳ ಬೆರಳುಗಳನ್ನು ನೋಡಿದರು, ಸುರುಳಿಯನ್ನು ಮೆಲ್ಲಗೆ ಕೆಳಗಿಟ್ಟರು.

"ಚೆಂದಾಗಿ ತಿಕ್ಕಿದ್ದೀರಿ ತಾಯಿ," ಅಂದು ಮುಂದಿನ ಬೆಂಚಿಗೆ ಹೋದರು. ಅಲ್ಲಿ ಬೆಲ್ಲದ ಬಾಗೇವಾಡಿಯ ಹುಡುಗರು ಮಣ್ಣಿನ ಜ್ವಾಲಾಮುಖಿ ಮಾಡಿ ತಂದಿದ್ದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ಒಬ್ಬಳೇ ಮಾತಾಡಿದಳು. ಅಷ್ಟು ದೊಡ್ಡ ಸಾಹೇಬರು ನೋಡು, ತಾಯಿ ಅಂದರು. ಚೆಂದಾಗಿ ತಿಕ್ಕಿದ್ದೀರಿ ಅಂದರು. ಇಷ್ಟು ವರ್ಷದಲ್ಲಿ ಪಂಚಾಯಿತಿಯವರು ಒಬ್ಬರಾದರೂ ಒಂದು ಮಾತು ಅಂದಿದ್ದಾರೆಯೇ. ನಾನು ಕಿಡಕಿಯ ಸರಳು ಹಿಡಿದು ಕೂತಿದ್ದೆ. ಮನೆ ಮುಟ್ಟಿದ ಕೂಡಲೇ ಅಪ್ಪ ಎಣ್ಣೆ ತುಂಬಿಕೊಳ್ಳಲು ಹಿತ್ತಲಿಗೆ ಹೋದ. ಅವ್ವ ಸೀರೆಯನ್ನೂ ಬದಲಿಸದೆ ಹಲಗೆಯ ಮುಂದೆ ಕೂತು, ಸಂಜೆಯ ದೀಪಗಳ ಗ್ಲಾಸು ಒರೆಸಲು ಸುರು ಮಾಡಿದಳು. ನನ್ನನ್ನು ಸಮಾಧಾನ ಮಾಡಬೇಕು ಅಂತಲೇ ಅಂದಳು:

"ಹೋಗ್ಲಿ ಬಿಡ ತಂಗೀ. ಆ ಸೂಜಿಗಲ್ಲ ಹಳೀದಿರಬೇಕು. ತಂತೀದೇನೂ ದೋಷ ಇದ್ದಿಲ್ಲ, ಸಾಹೇಬ್ರ ಹೇಳಿದ್ರಲ್ಲ."

ನನ್ನ ತಲೆಗೆ ಏನು ಏರಿತೋ ಗೊತ್ತಿಲ್ಲ.

"ಸಾಹೇಬ್ರು ಹೊಗಳಲಿಲ್ಲವ್ವಾ. ಎಲ್ಲಾರೂ ನಿನ್ನ ನೋಡಿ ನಕ್ರು. ನಿನ್ನ ಕೈ ಹತ್ತಿದ್ದಕ್ಕ ಹಾಳಾತು. ನೀ ಮುಟ್ಟದ ಇದ್ದಿದ್ರ ಹತ್ತತಿತ್ತು. ಸಾಲ್ಯಾಗ ಹತ್ತಿತ್ತು, ನಾ ನೋಡೇನಿ. ನಿನ್ನ ಕೈ ಮುಟ್ಟಿತು, ಕರೆಂಟು ಸತ್ತುಹೋತು."

ಅವ್ವ ಒರೆಸುತ್ತಿದ್ದ ಗ್ಲಾಸನ್ನು ತಿರುಗಿಸುವುದು ನಿಲ್ಲಿಸಿದಳು.

"ನಾ ತಿಕ್ಕಿದ್ದಕ್ಕ?"

"ಹೂಂ. ನೀ ತಿಕ್ಕಿದ್ದಕ್ಕ."

ಆ ಗ್ಲಾಸನ್ನು ಅವಳು ಹಲಗೆಯ ಮೇಲೆ ಇಟ್ಟಳು, ಬಹಳ ಹುಷಾರಾಗಿ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಹಿತ್ತಲ ಬಾಗಿಲಲ್ಲಿ ಅಪ್ಪ ನಿಂತಿದ್ದ, ಎಲ್ಲ ಕೇಳಿಸಿತ್ತು. ಅವನು ನನಗೆ ಒಂದು ಏಟು ಹಾಕಿದ್ದರೆ ಚಲೋ ಆಗುತ್ತಿತ್ತು. ಹಾಕಲಿಲ್ಲ. ಬುಟ್ಟಿಗೆ ದೀಪಗಳನ್ನು ತುಂಬಿಕೊಂಡು ಏಣಿ ಹೊತ್ತು ಹೋದ. ತಂತಿಯ ವಿಷಯ ಗೊತ್ತಿದ್ದೂ ನಾನು ಸುಮ್ಮನಿದ್ದೆ ಅನ್ನುವುದನ್ನು ಅವತ್ತು ಹೇಳಲಿಲ್ಲ, ಆಮೇಲೆಯೂ ಹೇಳಲಿಲ್ಲ. ಬಾಯಿ ತೆಗೆಯಬೇಕಾದಾಗ ಮುಚ್ಚಿದ್ದೆ, ಮುಚ್ಚಬೇಕಾದಾಗ ತೆಗೆದೆ. ಮುಂದೆ ನಾಗನೂರಿನಲ್ಲಿ ನನಗೆ ನೇರ ಮಾತಿನ ಹೆಂಗಸು ಅಂತ ಹೆಸರಾಯಿತು. ಕೇಳಿದಾಗಲೆಲ್ಲ ನನಗೆ ಮೈ ಹಿಡಿಯಾಗುತ್ತಿತ್ತು.

ಎರಡು ದಿನ ಬಿಟ್ಟು ಮಾಸ್ತರರು ಮನೆಗೆ ಬಂದರು. ಅಪ್ಪ ಕಂಬಳಿ ಹಾಸಿ ಕೂಡಿಸಿದ.

"ಮಲ್ಲಪ್ಪಾ, ತಪ್ಪು ಸಣ್ಣದು. ತಂತಿ ಬದಲಿ ಮಾಡಿದ್ರ ಹತ್ತತದ. ಸಾಲ್ಯಾಗ ಹತ್ತೇದ, ನಾ ಸಾಕ್ಷಿ."

"ನಿಮ್ಮ ಮುಂದ ಹತ್ತೇತಿ, ನನ್ನ ಮುಂದ ಹತ್ತಿಲ್ಲಲ್ರಿ," ಅಂದ ಅಪ್ಪ. "ಊರಾಗ ಒಂದು ದೀಪ ಹತ್ತಲಿಲ್ಲಂದ್ರ, ನಿನ್ನೆ ಹತ್ತಿತ್ತರಿ ಅಂತ ಹೇಳಿದ್ರ ಕೇಳತಾರೇನ್ರಿ ನಮ್ಮನ್ನ? ಮಾತು ಮಾತರಿ ಮಾಸ್ತರ್ರ."

ಆಗ ಅವ್ವ ಅಡಿಗೆಮನೆಯಿಂದ ಹೊರಗೆ ಬಂದಳು. ಮಾಸ್ತರರ ಎದುರಿಗೆ ಅಪ್ಪನಿಗೆ ಹೇಳಿದಳು:

"ಹುಡುಗಿದೇನೂ ತಪ್ಪಿಲ್ರಿ. ಕೆಡಿಸಿದಾಕಿ ನಾನು. ಅಕಿನ್ನ ಸಾಲಿಗೆ ಕಳಸ್ರಿ."

ಅಪ್ಪ ಕಂಬಳಿಯ ಅಂಚಿನ ಎಳೆಗಳನ್ನು ಒಂದೊಂದಾಗಿ ಎಳೆಯುತ್ತ ಕೂತ. ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಈಗಲಾದರೂ ಹೇಳು ಅಂತ ಒಳಗಿನಿಂದ ಒಂದು ದನಿ. ಹೇಳಿದರೆ ಏನಾಗುತ್ತಿತ್ತು ಅಂತ ಎಷ್ಟು ಸಲ ಲೆಕ್ಕ ಹಾಕಿದ್ದೇನೋ. ಸಾಲೆ ಸಿಗುತ್ತಿರಲಿಲ್ಲ ಅನ್ನುವುದಂತೂ ಖರೆ. ಅವ್ವನ ಮೇಲಿನ ಕಲ್ಲು ಇಳಿಯುತ್ತಿತ್ತು. ಅಪ್ಪ ಕೊನೆಗೆ ಎದ್ದು, ಮಾಸ್ತರರಿಗೆ ಕೈಮುಗಿದು, ಹೊರಗೆ ಹೋದ. ಆ ಬೇಸಿಗೆಯಲ್ಲಿ ನನ್ನ ಲಗ್ನವಾಯಿತು. ಮಾವ, ಅಂದರೆ ನನ್ನ ಗಂಡ, ಕೆಟ್ಟವನಲ್ಲ. ಒಳ್ಳೆಯವನ ಜೊತೆ ಒಂದು ಆಯುಷ್ಯ ಕಳೆಯುವುದಕ್ಕೂ, ತನಗೆ ಬೇಕಾದ ಆಯುಷ್ಯ ಕಳೆಯುವುದಕ್ಕೂ ಬಹಳ ಅಂತರವಿದೆ. ಅದನ್ನು ಅವನಿಗೆ ಹೇಳಿ ನೋಯಿಸಲು ನನಗೆ ಮನಸ್ಸಾಗಲಿಲ್ಲ.

ಒಂದೆರಡು ಮಳೆಗಾಲ ಕಳೆದ ಮೇಲೆ ಯಮಕನಮರಡಿಗೆ ಕಂಬಗಳು ಬಂದವು. ಅಪ್ಪನನ್ನು ಪಂಚಾಯಿತಿಯವರು ಬಾವಿ ಕಾಯುವ ಕೆಲಸಕ್ಕೆ ಹಾಕಿದರು. ಪಡಸಾಲೆಯ ಹಲಗೆ ಖಾಲಿಯಾಯಿತು. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ನಾನು ನಾಗನೂರಿಗೆ ಕರೆತಂದೆ. ಅಷ್ಟು ಹೊತ್ತಿಗೆ ನಮ್ಮ ಮನೆಗೂ ಕರೆಂಟು ಬಂದಿತ್ತು. ಬಾಗಿಲ ಬದಿಯ ಗೋಡೆಗೆ ಕರಿಯ ಬಟನ್ನು, ಮೇಲೆ ಒಂದು ಬಲ್ಬು. ಅವ್ವ ಮನೆಯ ಎಲ್ಲ ಕೆಲಸಕ್ಕೂ ಕೈ ಹಾಕುತ್ತಿದ್ದಳು, ಆ ಬಟನ್ನನ್ನು ಮಾತ್ರ ಮುಟ್ಟುತ್ತಿರಲಿಲ್ಲ. ನಾನು ಹೊಲದ ಕೆಲಸ ಮುಗಿಸಿ ಬರುವಾಗ ಅಕ್ಕಪಕ್ಕದ ಮನೆಗಳಲ್ಲೆಲ್ಲ ದೀಪ ಹತ್ತಿರುತ್ತಿತ್ತು, ನಮ್ಮ ಮನೆಯೊಂದು ಕತ್ತಲು. ಅವ್ವ ಹೊಸ್ತಿಲಲ್ಲಿ ಕೂತು ಕಾಯುತ್ತಿದ್ದಳು. ಯಾಕೆ ಹಾಕಿಲ್ಲ ಅಂದರೆ, "ನೀ ಬರತಿ ಅಲ್ಲಾ, ನೀನ ಹಾಕು" ಅನ್ನುತ್ತಿದ್ದಳು. ಸಿಟ್ಟಿನಿಂದ ಅಲ್ಲ. ಮೈಲಿಗೆಯಾದವರು ದೇವರ ಮನೆಯಿಂದ ದೂರ ನಿಲ್ಲುತ್ತಾರಲ್ಲ, ಹಾಗೆ ಸಹಜವಾಗಿ.

ಹಲವು ವರ್ಷ ನಾನು ಇದನ್ನು ನೋಡಿಯೂ ನೋಡದವಳಂತೆ ಇದ್ದೆ. ಒಂದು ಸಂಜೆ ತಡೆಯಲಾಗಲಿಲ್ಲ. ಕುಡಗೋಲು ಮೂಲೆಗೆ ಒಗೆದು, ಅವ್ವನ ರಟ್ಟೆ ಹಿಡಿದು ಎಬ್ಬಿಸಿ, ಗೋಡೆಯ ಹತ್ತಿರ ಕರೆದುಕೊಂಡು ಹೋದೆ. ಅವಳು ಬೇಡ ಬೇಡ ಅಂದಳು. ಅವಳ ಬೆರಳು ಹಿಡಿದು, "ಏನೂ ಆಗೂದಿಲ್ಲವ್ವಾ, ಅವತ್ತ ನಾ ಸುಳ್ಳ ಹೇಳಿದ್ದೆ, ನಿನ್ನ ಕೈದೇನೂ ಇಲ್ಲ" ಅನ್ನುತ್ತ ಬಟನ್ನಿನ ಮೇಲೆ ಒತ್ತಿದೆ. ಟಕ್ ಅಂತ ಸಪ್ಪಳವಾಯಿತು. ಬಲ್ಬು ಹತ್ತಲಿಲ್ಲ. ಹೊರಗೆ ನೋಡಿದರೆ ಅಕ್ಕಪಕ್ಕದ ಮನೆಗಳೂ ಕತ್ತಲಾಗಿದ್ದವು. ಹಾಳಾದ ಕರೆಂಟು ಅದೇ ಗಳಿಗೆಯಲ್ಲಿ ಹೋಗಿತ್ತು. ಊರಿಗೆಲ್ಲ ಹೋಗಿದೆ ನೋಡವ್ವಾ, ಎಲ್ಲರ ಮನೆಗೂ ಹೋಗಿದೆ ಅಂತ ನಾನು ಕೂಗಿ ಕೂಗಿ ಹೇಳಿದೆ.

ಅವ್ವ ಹೊರಗಿನ ಕತ್ತಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಮೆಲ್ಲಗೆ ಕೈ ಬಿಡಿಸಿಕೊಂಡು ಸೆರಗಿನಲ್ಲಿ ಒರೆಸಿಕೊಂಡಳು.

"ಊರಿಗೆಲ್ಲಾ ಹೋತಲ್ಲ ತಂಗೀ," ಅಂದಳು. "ಬ್ಯಾಡ ಅಂತ ಅದಕ ಅಂದಿದ್ದೆ."